ಏಪ್ರಿಲ್-ಮೇನಲ್ಲಿ ಹಿಮಾಲಯ ಟ್ರೆಕ್: ಹಿಮಕುಸಿತ, ಬಿರುಗಾಳಿ, ವಾಪಸ್ ಟಿಕೆಟ್ ಬಗ್ಗೆ ನಮ್ಮ ಕಡೆಯೋರು ಪದೇ ಪದೇ ಕೇಳೋ ಪ್ರಶ್ನೆಗಳು

ಯುಗಾದಿ ಹತ್ರ ಬಂದಂಗೆಲ್ಲ ಚಿಕ್ಕಬಳ್ಳಾಪುರ, ಗೌರಿಬಿದನೂರು, ಮಧುಗಿರಿ, ತುಮಕೂರು ಕಡೆ ಹುಡುಗ್ರು ಹುಡುಗೀರಿಂದ ಫೋನ್ ಶುರುವಾಗುತ್ತೆ. ಸ್ಕಂದಗಿರಿ ಹತ್ತಾಯ್ತು, ಮಧುಗಿರಿ ಹತ್ತಾಯ್ತು, ಕುಮಾರಪರ್ವತನೂ ಆಯ್ತು, ಇನ್ನ ಸ್ನೋ ನೋಡ್ಬೇಕು ಅಂತ. ಒಳ್ಳೇದೇ, ಹೋಗಿ. ಆದ್ರೆ ಯಾವ ಶೂ, ಜಾಕೆಟ್ ಎಲ್ಲಿ ಬಾಡಿಗೆಗೆ ಸಿಗುತ್ತೆ ಅಂತ ತಲೆ ತಿನ್ನೋರು ಹಿಮ ಜಾರಿ ಮೈಮೇಲೆ ಬಂದ್ರೆ ಏನ್ ಕಥೆ ಅಂತ ಕೇಳೋದು ಹೊರಡೋ ಹಿಂದಿನ ರಾತ್ರಿ, ಅದೂ ಮನೇಲಿ ಅಮ್ಮ ಕೇಳಿದ್ರು ಅಂತ. ಅದಕ್ಕೆ ಬರೋ ಪ್ರಶ್ನೆಗಳನ್ನೆಲ್ಲ ಒಂದೇ ಕಡೆ ಹಾಕಿದೀನಿ.

ಏಪ್ರಿಲ್ ಅಂದ್ರೆ ಬೇಸಿಗೆ ಅಲ್ವಾ, ಅವಾಗ ಎಂಥ ಹಿಮಕುಸಿತ?

ಬೇಸಿಗೆ ನಮಗೆ. ಶ್ರೀನಿವಾಸಪುರದಲ್ಲಿ ಮಾವಿನಕಾಯಿ ಬಲಿಯೋ ಹೊತ್ತಲ್ಲೂ ಹಿಮಾಚಲ, ಉತ್ತರಾಖಂಡದಲ್ಲಿ ಹನ್ನೊಂದು ಹನ್ನೆರಡು ಸಾವಿರ ಅಡಿ ಮೇಲೆ ಚಳಿಗಾಲದ ಹಿಮ ಇನ್ನೂ ಗುಡ್ಡೆ ಗುಡ್ಡೆ ಕೂತಿರುತ್ತೆ. ಅದರ ಮೇಲೆ ಮೆಡಿಟರೇನಿಯನ್ ಕಡೆಯಿಂದ ಬರೋ ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನೋ ಮೋಡದ ಸಾಲು ಮಾರ್ಚ್, ಏಪ್ರಿಲ್, ಕೆಲವೊಂದ್ಸಲ ಮೇನಲ್ಲೂ ಬಂದು ಒಂದೇ ರಾತ್ರಿಲಿ ಮೊಣಕಾಲುದ್ದ ಹೊಸ ಹಿಮ ಸುರಿದು ಹೋಗುತ್ತೆ. ಹಳೇ ಹಿಮದ ಮೇಲೆ ಹೊಸದು, ಮರುದಿನ ನೆತ್ತಿ ಸುಡೋ ಬಿಸಿಲು, ಇವೆರಡು ಸೇರಿದಾಗಲೇ ತೊಂದರೆ.

ಸುಮ್ನೆ ಹೆದರಿಸ್ತಿಲ್ಲ. 2023ರ ಏಪ್ರಿಲ್ 4ಕ್ಕೆ ಸಿಕ್ಕಿಂನಲ್ಲಿ ನಾಥುಲಾ ರೋಡಲ್ಲಿ ಹಿಮ ಜಾರಿ 7 ಜನ ಪ್ರವಾಸಿಗರು ಹೋದ್ರು, ಅವರು ಟ್ರೆಕ್ಕರ್ಸ್ ಅಲ್ಲ, ಕಾರಲ್ಲಿ ಬಂದು ರೋಡ್ ಪಕ್ಕ ಸ್ನೋಲಿ ಆಡೋಕೆ ಇಳಿಯೋಂಥ ಜನ. 2025ರ ಫೆಬ್ರವರಿ 28ಕ್ಕೆ ಬದರಿನಾಥದ ಪಕ್ಕ ಮಾಣಾದಲ್ಲಿ ರಸ್ತೆ ಕೆಲಸದವರ ಕ್ಯಾಂಪ್ ಮೇಲೆ ಬಿದ್ದು 54 ಜನ ಸಿಕ್ಕಾಕೊಂಡ್ರು, 46 ಜನ ಉಳಿದ್ರು, 8 ಜನ ಉಳೀಲಿಲ್ಲ.

ಹಿಮ ಅಷ್ಟು ಮೆತ್ತಗಿರುತ್ತೆ, ಅದು ಹೆಂಗೆ ಜಾರುತ್ತೆ?

ಮೆತ್ತಗಿರೋದು ಮೇಲೆ ಮಾತ್ರ. ಒಂದೊಂದು ಸಲ ಬಿದ್ದಿದ್ದು ಒಂದೊಂದು ಪದರ ಆಗಿ ಕೂತಿರುತ್ತೆ, ಕೆಲವು ಗಟ್ಟಿ, ಕೆಲವು ಪುಡಿ ಪುಡಿ ಕಾಳು. ಇಳಿಜಾರು ಬಂಡೆ ಮೇಲೆ ರಾಗಿ ಹರಡಿ ಅದರ ಮೇಲೆ ಒಂದು ಕಲ್ಲುಚಪ್ಪಡಿ ಇಟ್ಟು ಅದರ ಮೇಲೆ ನೀವು ಹತ್ತಿ ನಿಂತ್ಕೊಂಡ್ರೆ ಏನಾಗುತ್ತೆ, ಅದೇ ಇಲ್ಲೂ ಆಗೋದು. ಗಟ್ಟಿ ಪದರ ಒಂದೇ ಏಟಿಗೆ ಬಿರುಕು ಬಿಟ್ಟು ಅಷ್ಟಗಲ ಜಾರುತ್ತೆ, ಇದಕ್ಕೆ ಸ್ಲ್ಯಾಬ್ ಅಂತಾರೆ. ಜನ ಸಾಯೋದು ಜಾಸ್ತಿ ಇದರಲ್ಲೇ. ಒಣ ಸ್ಲ್ಯಾಬ್ ಗಂಟೆಗೆ 100 ಕಿ.ಮೀ. ಸ್ಪೀಡ್ ದಾಟುತ್ತೆ, ಓಡಿ ತಪ್ಪಿಸ್ಕೊಳ್ತೀನಿ ಅನ್ನೋದೆಲ್ಲ ಸಿನಿಮಾದಲ್ಲಿ. ಇನ್ನೊಂದು ಥರ ಇದೆ, ಬಿಸಿಲಿಗೆ ನೀರು ಕುಡಿದ ಹಿಮ ಭಾರ ಆಗಿ ನಿಧಾನಕ್ಕೆ ಜಾರೋದು, ವಸಂತದಲ್ಲಿ ಮಧ್ಯಾಹ್ನದ ಮೇಲೆ ಇದು ಮಾಮೂಲು. ನಿಧಾನ ಅಂತ ಸದರ ಮಾಡ್ಬೇಡಿ, ಅದರ ತೂಕಕ್ಕೆ ಮರಾನೇ ಮುರಿಯುತ್ತೆ.

ಜೋರಾಗಿ ಕೂಗಿದ್ರೆ ಹಿಮ ಕುಸಿಯುತ್ತಂತೆ, ನಿಜನಾ?

ಇಲ್ಲ. ಧ್ವನಿಗೆ ಅಷ್ಟು ಶಕ್ತಿ ಇಲ್ಲ. ಕುಸಿಯೋಕೆ ಬೇಕಾಗಿರೋದು ತೂಕ: ಹೊಸ ಹಿಮದ ತೂಕ, ಗಾಳಿ ತಂದು ಸುರಿದ ಹಿಮದ ತೂಕ, ಇಲ್ಲಾ ನಿಮ್ಮದೇ ತೂಕ. ಬೇರೆ ದೇಶಗಳಲ್ಲಿ ಲೆಕ್ಕ ಇಟ್ಟಿದಾರೆ, ಹಿಮಕುಸಿತಕ್ಕೆ ಸಿಕ್ಕಿದ ಹತ್ತರಲ್ಲಿ ಸುಮಾರು ಒಂಬತ್ತು ಕೇಸಲ್ಲಿ ಅದನ್ನ ಎಬ್ಬಿಸಿದ್ದು ಸಿಕ್ಕಾಕೊಂಡೋರೇ, ಇಲ್ಲಾ ಅವರ ಗುಂಪಿನೋರೇ. ಅಂದ್ರೆ ಎಲ್ಲಿ ಕಾಲಿಡ್ತೀರ, ಯಾವತ್ತು ಇಡ್ತೀರ ಅನ್ನೋದರ ಮೇಲೆ ಬಹಳ ನಿಂತಿದೆ.

ಯಾವ ಇಳಿಜಾರು ಡೇಂಜರ್ ಅಂತ ನೋಡಿದ ತಕ್ಷಣ ಗೊತ್ತಾಗುತ್ತಾ?

ಕಣ್ಣಿಗೆ ಗೊತ್ತಾಗಲ್ಲ, ಅಳೀಬೇಕು. 30ರಿಂದ 45 ಡಿಗ್ರಿ ನಡುವಿನ ಇಳಿಜಾರಲ್ಲೇ ಸ್ಲ್ಯಾಬ್ ಜಾರೋದು ಜಾಸ್ತಿ, ಅದರಲ್ಲೂ 38 ಡಿಗ್ರಿ ಆಸುಪಾಸು ತೀರಾ ಜಾಸ್ತಿ. ಅದಕ್ಕಿಂತ ಕಡಿದಾಗಿದ್ರೆ ಹಿಮ ನಿಲ್ಲೋದೇ ಕಷ್ಟ, ಆಗಾಗ ಉದುರಿ ಹೋಗ್ತಾ ಇರುತ್ತೆ. 25ರ ಕೆಳಗೆ ಜಾರೋದು ಅಪರೂಪ, ಆದ್ರೆ ಇಲ್ಲೊಂದು ವಿಷ್ಯ: ನೀವು ನಿಂತಿರೋ ಜಾಗ ಸಪಾಟಾಗಿದ್ರೂ ತಲೆ ಮೇಲಿನ ಇಳಿಜಾರು 38 ಇದ್ರೆ ಅದು ಬಂದು ನಿಲ್ಲೋದು ನೀವಿರೋ ಕಡೆಗೇ.

ಫೋನಲ್ಲಿ ಕೋನ ಅಳೆಯೋ ಆಪ್ ಇರುತ್ತೆ, ಫ್ರೀ. ಟ್ರೆಕ್ಕಿಂಗ್ ಸ್ಟಿಕ್ಕನ್ನ ಇಳಿಜಾರಿಗೆ ಒರಗಿಸಿಟ್ಟು ಅದರ ಮೇಲೆ ಫೋನ್ ಮಲಗಿಸಿದ್ರೆ ಡಿಗ್ರಿ ತೋರಿಸುತ್ತೆ. ಇದನ್ನ ಅಲ್ಲಿ ಹೋಗಿ ಕಲಿಯೋದು ಬೇಡ, ಮಧುಗಿರಿ ಏಕಶಿಲಾ ಬೆಟ್ಟದಲ್ಲಿ ಕಂಬಿ ಹಿಡ್ಕೊಂಡು ಹತ್ತೋ ಬಂಡೆ ಇದ್ಯಲ್ಲ, ಅಲ್ಲಿ ಮೊದಲು ಕಣ್ಣಲ್ಲಿ ಅಂದಾಜು ಹೇಳಿ ಆಮೇಲೆ ಫೋನ್ ಇಟ್ಟು ನೋಡಿ. ಎಲ್ಲಾರೂ ತಪ್ಪು ಹೇಳ್ತಾರೆ, ನಗು ಬರುತ್ತೆ. ನಾಲ್ಕು ಕಡೆ ಅಳೆದ ಮೇಲೆ ಕಣ್ಣು ಸ್ವಲ್ಪ ಪಳಗುತ್ತೆ.

ಮುಂಚೇನೇ ಏನಾದ್ರೂ ಸುಳಿವು ಸಿಗುತ್ತಾ?

ಸಿಗುತ್ತೆ, ಆದ್ರೆ ರೀಲ್ಸ್ ಮಾಡ್ತಾ ನಡೆಯೋರಿಗೆ ಸಿಗಲ್ಲ. ಪಕ್ಕದ ಬೆಟ್ಟದಲ್ಲಿ ಇವತ್ತೋ ನಿನ್ನೆನೋ ಜಾರಿದ ಗುರುತು ಕಾಣ್ತಿದ್ರೆ ನೀವು ಹೋಗ್ತಿರೋ ಬೆಟ್ಟದಲ್ಲೂ ಅದೇ ಹಿಮ ಅಂತ ತಿಳ್ಕೊಳ್ಳಿ. ನಡೆಯುವಾಗ ಕಾಲ ಕೆಳಗೆ 'ಧುಮ್' ಅಂತ ಸದ್ದು ಬಂದು ನೆಲ ಒಂಚೂರು ಕುಸಿದಂಗಾದ್ರೆ ಒಳಗಿನ ಪದರ ಮುರೀತು ಅಂತ ಅರ್ಥ. ಕಾಲಿಟ್ಟ ಕಡೆಯಿಂದ ಬಿರುಕು ಗೆರೆ ಹಾರ್ಕೊಂಡು ಮುಂದಕ್ಕೆ ಹೋದ್ರೂ ಅದೇ. ಈ ಮೂರರಲ್ಲಿ ಒಂದು ಕಂಡ್ರೂ ಕಡಿದಾದ ಕಡೆ ಮುಂದಕ್ಕೆ ಹೋಗೋ ಮಾತೇ ಇಲ್ಲ, ಬಂದ ಹೆಜ್ಜೆಲೇ ವಾಪಸ್.

ಗಾಳಿನ ಮರೀಬೇಡಿ. ಆಕಾಶದಿಂದ ಬೀಳೋದಕ್ಕಿಂತ ಹತ್ತು ಪಟ್ಟು ಬೇಗ ಗಾಳಿ ಹಿಮ ಎತ್ಕೊಂಡು ಬಂದು ಬೆಟ್ಟದ ಮರೆ ಕಡೆ ಸುರೀಬಹುದು. ಅದಕ್ಕೇ ಬಿಸಿಲಿರೋ ದಿನಾನೂ, ಮೋಡನೇ ಇಲ್ಲದಿದ್ರೂ, ರಿಡ್ಜ್ (ಬೆಟ್ಟದ ಏಣು) ಮೇಲಿಂದ ಹಿಮದ ಪುಡಿ ಹಾರ್ತಿದ್ರೆ ಆ ಕಡೆ ಬದಿ ನಂಬೋಹಂಗಿಲ್ಲ. ರಿಡ್ಜ್ ತುದೀಲಿ ಮುಂದಕ್ಕೆ ಚಾಚ್ಕೊಂಡಿರೋ ಹಿಮಕ್ಕೆ ಕಾರ್ನಿಸ್ ಅಂತಾರೆ, ಫೋಟೋಗೆ ಅಂತ ಅದರ ಮೇಲೆ ಹೋಗೋರನ್ನ ಕಾಲರ್ ಹಿಡಿದು ಎಳ್ಕೊಂಡು ಬನ್ನಿ, ಕೆಳಗೆ ನೆಲ ಇರಲ್ಲ.

ರಾತ್ರಿ ಮೂರು ಗಂಟೆಗೆ ಎಬ್ಬಿಸ್ತಾರೆ, ಅದು ಸನ್‌ರೈಸ್ ನೋಡೋಕಾ?

ಸನ್‌ರೈಸ್ ಬೋನಸ್ಸು. ಅಸಲು ಕಾರಣ ರಾತ್ರಿ ಚಳಿಗೆ ಹಿಮ ಗಟ್ಟಿಯಾಗಿರುತ್ತೆ, ಬಿಸಿಲು ಬಿದ್ದು ಮೆತ್ತಗಾಗೋ ಮುಂಚೆ ಕಡಿದಾದ ಜಾಗ ದಾಟಿ ವಾಪಸ್ ಆಗ್ಬೇಕು. ಪೂರ್ವಕ್ಕೆ ಮುಖ ಇರೋ ಇಳಿಜಾರು ಮೊದಲು ಬಿಸಿಯಾಗುತ್ತೆ, ಆಮೇಲೆ ದಕ್ಷಿಣ, ಕೊನೆಗೆ ಪಶ್ಚಿಮ. ಬೂಟು ಪಾದ ಮುಳುಗೋ ಅಷ್ಟು ಒದ್ದೆ ಹಿಮಕ್ಕೆ ಇಳೀತಿದೆ, ಮೇಲಿಂದ ಸಣ್ಣ ಸಣ್ಣ ಉಂಡೆ ಉರುಳಿ ಬರ್ತಿದೆ ಅಂದ್ರೆ ಟೈಮ್ ಮುಗೀತು ಅಂತ. ರಾತ್ರಿ ಮೋಡ ಮುಚ್ಚಿ ಸೆಕೆ ಥರ ಇದ್ದು ಹಿಮ ಗಟ್ಟಿನೇ ಆಗ್ಲಿಲ್ಲ ಅಂದ್ರೆ ಮೂರಕ್ಕೆ ಎದ್ದೂ ಪ್ರಯೋಜನ ಇಲ್ಲ. ಹಿಮದ ಮೇಲೆ ಮಳೆ ಬಿದ್ರಂತೂ ಇನ್ನೂ ಕೆಟ್ಟದ್ದು.

ನಿನ್ನೆ ಫುಲ್ ಹಿಮ ಬಿತ್ತು, ಇವತ್ತು ಬಿಸಿಲು, ನಾಡಿದ್ದು ಡೆಲ್ಲಿಯಿಂದ ಟ್ರೈನ್. ಹೋಗಬಹುದಾ?

ಎಲ್ಲಾ ಪ್ರಶ್ನೆಲಿ ಇದೇ ಮುಖ್ಯ, ಮಿಕ್ಕಿದ್ದು ಓದದಿದ್ರೂ ಪರವಾಗಿಲ್ಲ ಇದನ್ನ ಓದಿ.

ಬಿರುಗಾಳಿ ನಿಂತ ಮೊದಲ 24 ಗಂಟೆ ಅತಿ ಕೆಟ್ಟ ಹೊತ್ತು, ಎರಡನೇ ದಿನ ಸ್ವಲ್ಪ ವಾಸಿ, ಕೆಲವು ಪದರ ವಾರಗಟ್ಟಲೆ ಹಠ ಹಿಡ್ಕೊಂಡು ಕೂತಿರುತ್ತೆ. ಒಂದಡಿ ಹೊಸ ಹಿಮ ಬಿದ್ದಿದೆ ಅಂದ್ರೆ 30 ಡಿಗ್ರಿ ಮೇಲಿನ ಇಳಿಜಾರಿಗೆ ಆವತ್ತು ಕಾಲಿಡಬಾರದು, ಅದರ ಕೆಳಗೂ ಕೂರಬಾರದು. ಕಷ್ಟ ಏನಂದ್ರೆ ಆ ದಿನಾನೇ ಆಕಾಶ ನೀಲಿ ಇರುತ್ತೆ, ಬೆಟ್ಟ ಬೆಳ್ಳಗೆ ಹೊಳೀತಿರುತ್ತೆ, ಒಂದು ದಿನ ಟೆಂಟಲ್ಲಿ ಮುದುರ್ಕೊಂಡು ಮ್ಯಾಗಿ ತಿಂದು ಬೇಜಾರಾಗಿರೋ ಜನಕ್ಕೆ ಹೊರಗೆ ಓಡ್ಬೇಕು ಅನ್ಸುತ್ತೆ, ಮತ್ತೆ ನಮ್ಮೋರಿಗೆ ತಲೇಲಿ ಲೆಕ್ಕ ಬೇರೆ ಓಡ್ತಿರುತ್ತೆ. ರಜೆ ಇಷ್ಟೇ ದಿನ, ಟಿಕೆಟ್ ಕನ್ಫರ್ಮ್ ಆಗಿದ್ದೇ ಕಷ್ಟದಲ್ಲಿ, ದುಡ್ಡು ಕಟ್ಟಾಗಿದೆ, ಊರಲ್ಲಿ ಎಲ್ಲಾರಿಗೂ ಹೇಳಾಗಿದೆ, ಸ್ಟೇಟಸ್ ಹಾಕಾಗಿದೆ.

ನನ್ನ ಮಾತು ಕೇಳೋದಾದ್ರೆ ಟಿಕೆಟ್ ಬುಕ್ ಮಾಡುವಾಗಲೇ ಎರಡು ದಿನ ಸುಮ್ನೆ ಖಾಲಿ ಇಟ್ಟು ಬುಕ್ ಮಾಡಿ. ಬೆಟ್ಟದ ಮೇಲೆ ಮೈನಸ್ ಡಿಗ್ರೀಲಿ ತಲೆನೋವಲ್ಲಿ ಕೂತು ತಗೊಳ್ಳೋ ತೀರ್ಮಾನ ಯಾವತ್ತೂ ಟಿಕೆಟ್ ಕಡೆಗೇ ವಾಲುತ್ತೆ, ಅದಕ್ಕೆ ಆ ತೀರ್ಮಾನನ ಮನೇಲಿ ಫ್ಯಾನ್ ಕೆಳಗೆ ಕೂತಿರುವಾಗಲೇ ತಗೊಂಡುಬಿಡ್ಬೇಕು. ಆ ಎರಡು ದಿನ ಬಳಕೆ ಆಗ್ಲಿಲ್ಲ ಅಂದ್ರೆ ಡೆಹ್ರಾಡೂನೋ ಹರಿದ್ವಾರನೋ ಸುತ್ತಾಡ್ಕೊಂಡು ಬನ್ನಿ, ನಷ್ಟ ಏನಿಲ್ಲ. ಎಂಟು ದಿನದ ರಜೇಲಿ ಎಂಟು ದಿನದ ಟ್ರೆಕ್ ತುರುಕೋರಿಗೆ ನಾನು ಮುಖಕ್ಕೆ ಹೊಡೆದಂಗೆ ಹೇಳ್ತೀನಿ, ಬೇಡ, ಸಣ್ಣ ಟ್ರೆಕ್ ತಗೊಳ್ಳಿ.

ಗೈಡ್ ಇರ್ತಾರಲ್ಲ, ಅವರೇ ನೋಡ್ಕೊಳ್ತಾರೆ ಅಲ್ವಾ?

ಒಳ್ಳೆ ಗೈಡ್ ಇದ್ರೆ ಅರ್ಧ ಭಯ ಕಡಿಮೆ, ನಿಜ. ಆದ್ರೆ ಪಳಗಿದೋರನ್ನೂ ಹಿಮ ಬಿಡಲ್ಲ. 2022ರ ಅಕ್ಟೋಬರ್ 4ಕ್ಕೆ ದ್ರೌಪದಿ ಕಾ ದಾಂಡಾ-2 ಶಿಖರದಲ್ಲಿ ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯ ತಂಡನೇ ಹಿಮಕುಸಿತಕ್ಕೆ ಸಿಕ್ಕು 27 ಜನ ತೀರ್ಕೊಂಡ್ರು, ಇಬ್ಬರು ಆವಾಗ ಸಿಗ್ಲಿಲ್ಲ, ಅದರಲ್ಲಿ ನಮ್ಮ ರಾಜ್ಯದೋರೂ ಇದ್ರು. ಕಲಿಸೋರು, ಕಲಿಯೋರು, ಹಗ್ಗ, ಸಾಮಾನು ಎಲ್ಲಾ ಇದ್ದ ತಂಡ ಅದು.

ದುಡ್ಡು ಕಟ್ಟೋ ಮುಂಚೆ ಕಂಪನಿಯವರನ್ನ ಕೇಳಿ: ಕೆಟ್ಟ ಹವಾಮಾನಕ್ಕೆ ಅಂತ ಖಾಲಿ ದಿನ ಇದ್ಯಾ, ಎಷ್ಟು ಗಂಟೆಗೆ ತಲುಪದಿದ್ರೆ ವಾಪಸ್ ತಿರುಗಿಸ್ತೀರ, ಹಿಂದಿನ ವರ್ಷ ಯಾವತ್ತಾದ್ರೂ ತುದಿ ಮುಟ್ಟದೆ ವಾಪಸ್ ಬಂದಿದೀರಾ, ಸಲಿಕೆ ಯಾರ ಹತ್ರ ಇರುತ್ತೆ. '100 ಪರ್ಸೆಂಟ್ ಸಮ್ಮಿಟ್ ಗ್ಯಾರಂಟಿ' ಅಂದ್ರೆ ಫೋನ್ ಇಡಿ. ಅಲ್ಲಿ ಗೈಡ್ ವಾಪಸ್ ಹೋಗೋಣ ಅಂದಾಗ 'ಭಯ್ಯಾ ಅಷ್ಟು ದುಡ್ಡು ಕೊಟ್ಟಿದೀವಿ' ಅಂತ ಗಲಾಟೆ ಮಾಡೋರು ಸಾಮಾನ್ಯವಾಗಿ ನಾವೇ ಅನ್ನೋದೂ ನೆನಪಿರಲಿ.

ಜಾರೋ ಜಾಗ ದಾಟ್ಲೇಬೇಕು ಅಂದ್ರೆ?

ಬೇರೆ ದಾರಿ ಇದ್ದೇ ಇರುತ್ತಾ ಅಂತ ಮೊದಲು ನೋಡಿ, ರಿಡ್ಜ್ ಮೇಲಿಂದನೋ ದಟ್ಟ ಕಾಡಿನ ಒಳಗಿಂದನೋ. ಇಲ್ಲವೇ ಇಲ್ಲ ಅಂದ್ರೆ ಒಬ್ಬೊಬ್ಬರೇ ದಾಟ್ಬೇಕು, ಮಿಕ್ಕೋರು ಸೇಫ್ ಜಾಗದಲ್ಲಿ ನಿಂತು ಅವರನ್ನೇ ನೋಡ್ತಿರ್ಬೇಕು. ಕೈ ಕೈ ಹಿಡ್ಕೊಂಡು ಸಾಲಾಗಿ ಹೋಗೋದು ಒಗ್ಗಟ್ಟಿನ ಫೋಟೋಗೆ ಚೆನ್ನಾಗಿರುತ್ತೆ, ಹಿಮಕ್ಕೆ ಎಲ್ಲಾರೂ ಒಂದೇ ಸಲ ಸಿಗ್ತಾರೆ. ಸ್ಟಿಕ್ ದಾರ ಮಣಿಕಟ್ಟಿಂದ ಬಿಚ್ಚಿ. ಮಧ್ಯದಲ್ಲಿ ನಿಂತು ನೀರು ಕುಡಿಯೋದು, ಊಟಕ್ಕೆ ಕೂರೋದು ಬೇಡ. ಟೆಂಟಂತೂ ಕೊರಕಲಿನ ಬಾಯಲ್ಲಿ ಹಾಕ್ಲೇಬಾರದು, ಹಳ್ಳದಂಥ ಕಡೆ ಸಣ್ಣ ಕುಸಿತ ಆದ್ರೂ ಆಳವಾಗಿ ಮುಚ್ಚುತ್ತೆ.

ಬೀಕನ್, ಪ್ರೋಬ್ ಅಂತೆಲ್ಲ ಕೇಳಿದೀವಿ, ತಗೋಬೇಕಾ?

ಬೀಕನ್ ಅಂದ್ರೆ 457 ಕಿಲೋಹರ್ಟ್ಜ್‌ನಲ್ಲಿ ಸಿಗ್ನಲ್ ಬಿಡೋ ಸಣ್ಣ ಡಬ್ಬಿ, ಹೂತವರ ಡಬ್ಬಿ ಸಿಗ್ನಲ್ಲನ್ನ ಹೊರಗಿರೋರ ಡಬ್ಬಿ ಹುಡುಕುತ್ತೆ. ಪ್ರೋಬ್ ಉದ್ದದ ಮಡಚೋ ಕಡ್ಡಿ, ಚುಚ್ಚಿ ಚುಚ್ಚಿ ಆಳ ನೋಡೋಕೆ. ಆಮೇಲೆ ಲೋಹದ ಸಲಿಕೆ. ಈ ಮೂರೂ ಎಲ್ಲಾರ ಹತ್ರನೂ ಇರ್ಬೇಕು, ಬಳಸೋಕೂ ಬರ್ಬೇಕು, ಒಬ್ಬರ ಹತ್ರ ಮಾತ್ರ ಇದ್ರೆ ಉಪಯೋಗ ಇಲ್ಲ, ಅವರನ್ನ ಹುಡುಕೋರು ಯಾರು? ಫೋನನ್ನ ಬೀಕನ್ ಹತ್ರ ಇಟ್ಕೋಬಾರದು, ಸಿಗ್ನಲ್ ಕೆಡುತ್ತೆ. ಕೇದಾರ್‌ಕಂಠ, ಸಾರ್ ಪಾಸ್ ಥರದ ಟ್ರೆಕ್‌ಗಳಲ್ಲಿ ಸಾಮಾನ್ಯವಾಗಿ ಯಾರೂ ತರಲ್ಲ, ಹಂಗಾಗಿ ನಿಮ್ಮ ಉಳಿವು ಜಾಗ ಮತ್ತೆ ದಿನ ಆರಿಸೋದ್ರಲ್ಲೇ ಇದೆ. ಗುಲ್ಮಾರ್ಗ್, ಔಲಿ ಕಡೆ ಸ್ಕೀ ಹಾಕ್ಕೊಂಡು ಪಿಸ್ಟ್ (ಸ್ಕೀಗೆ ಅಂತ ಸಿದ್ಧ ಮಾಡಿರೋ ದಾರಿ) ಬಿಟ್ಟು ಆಚೆ ಹೋಗೋ ಯೋಚನೆ ಇದ್ರೆ ಈ ಮೂರಿಲ್ಲದೆ ಹೋಗ್ಲೇಬೇಡಿ.

ಸಿಕ್ಕಾಕೊಂಡ್ರೆ ಏನ್ ಮಾಡೋದು?

ಕೂಗಿ, ಬೇರೆಯೋರಿಗೆ ನೀವು ಎಲ್ಲಿದೀರ ಅಂತ ಕಾಣ್ಬೇಕು. ಸ್ಟಿಕ್ ಬಿಸಾಕಿ. ಪಕ್ಕಕ್ಕೆ ಪಕ್ಕಕ್ಕೆ ಒದ್ದಾಡ್ಕೊಂಡು ಹೊರಗೆ ಬರೋಕೆ ನೋಡಿ. ನಿಧಾನ ಆಗ್ತಿದೆ ಅನ್ನಿಸಿದ ಕ್ಷಣಕ್ಕೆ ಒಂದು ಕೈ ಮುಖದ ಮುಂದೆ ಅಡ್ಡ ಇಟ್ಟು ಉಸಿರಾಡೋಕೆ ಜಾಗ ಮಾಡ್ಕೊಳ್ಳಿ, ಇನ್ನೊಂದು ಕೈ ಮೇಲಕ್ಕೆ ಚಾಚಿ. ನಿಂತ ಮೇಲೆ ಹಿಮ ಗಟ್ಟಿ ಆಗಿಬಿಡುತ್ತೆ, ಬೆರಳು ಆಡಿಸೋಕೂ ಆಗಲ್ಲ, ಅದಕ್ಕೆ ಮಾಡೋದೆಲ್ಲ ಅದು ನಿಲ್ಲೋ ಮುಂಚೇನೇ.

ಫ್ರೆಂಡ್ ಹೂತು ಹೋದ್ರೆ? ಕೆಳಗೆ ಓಡಿ ಹೋಗಿ ಜನ ಕರ್ಕೊಂಡು ಬರ್ಬೇಕಾ?

ಬೇಡ! ಅವರಿಗಿರೋ ಟೈಮ್ ಬಹಳ ಕಮ್ಮಿ, ಅಷ್ಟರಲ್ಲಿ ಉಳಿಸೋಕಾಗೋದು ನಿಮ್ಮಿಂದ ಮಾತ್ರ. ಹತ್ತು ಹದಿನೈದು ನಿಮಿಷದೊಳಗೆ ಹೊರಗೆ ತೆಗೆದ್ರೆ ಬಹುತೇಕರು ಬದುಕ್ತಾರೆ, 35 ನಿಮಿಷ ದಾಟಿದ್ರೆ ಹತ್ತರಲ್ಲಿ ಮೂರು ಜನ ಉಳಿದ್ರೆ ಹೆಚ್ಚು, ಯಾಕಂದ್ರೆ ಸಾಯೋದು ಚಳಿಗಲ್ಲ, ಉಸಿರು ಕಟ್ಟಿ. ಮೊದಲು ಇನ್ನೊಂದು ಕುಸಿತ ಬರಲ್ವಾ ಅಂತ ಮೇಲೆ ನೋಡಿ. ಕೊನೆ ಸಲ ಎಲ್ಲಿ ಕಂಡ್ರು ಅನ್ನೋ ಜಾಗ ಗುರುತು ಮಾಡಿ, ಅಲ್ಲಿಂದ ಕೆಳಗೆ ಕೈ, ಗ್ಲೌಸು, ಬ್ಯಾಗು ಏನಾದ್ರೂ ಕಾಣುತ್ತಾ ಹುಡುಕಿ, ಬೀಕನ್ ಇದ್ರೆ ಎಲ್ಲಾರೂ ಸರ್ಚ್ ಮೋಡಿಗೆ ಹಾಕಿ. ಏನೂ ಇಲ್ಲ ಅಂದ್ರೆ ಸ್ಟಿಕ್ಕಿಂದ ಚುಚ್ಚಿ, ತಟ್ಟೇಲಿ ಪಾತ್ರೇಲಿ ಅಗೀರಿ. ನೇರ ತಲೆ ಮೇಲಿಂದ ಅಗೆಯೋದಕ್ಕಿಂತ ಸ್ವಲ್ಪ ಇಳಿಜಾರಿನ ಕೆಳಗಿಂದ ಅಡ್ಡಕ್ಕೆ ಅಗೆದ್ರೆ ಬೇಗ ಸಿಗ್ತಾರೆ. ಮುಖ ಸಿಕ್ಕಿದ ತಕ್ಷಣ ಬಾಯಿ ಮೂಗು ಕ್ಲೀನ್ ಮಾಡಿ, ಉಸಿರಿಲ್ಲ ಅಂದ್ರೆ ಬಾಯಿಂದ ಉಸಿರು ಕೊಡಿ, ಪೂರ್ತಿ ಹೊರಗೆ ತೆಗೆಯೋವರ್ಗೂ ಕಾಯ್ಬೇಡಿ.

ಹನುಮಂತಪ್ಪ ಕೊಪ್ಪದ ಆರು ದಿನ ಹಿಮದ ಕೆಳಗೆ ಬದುಕಿದ್ರಲ್ಲ ಸಾರ್?

ಹೌದು, ಮರೆಯೋಕಾಗುತ್ತಾ. 2016ರ ಫೆಬ್ರವರಿ 3ಕ್ಕೆ ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಪೋಸ್ಟ್ ಮೇಲೆ ಹಿಮ ಬಿದ್ದು 10 ಜನ ಸೈನಿಕರು ಹೂತ್ಹೋದ್ರು, ಆರು ದಿನ ಆದ್ಮೇಲೆ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಜೀವಂತ ಸಿಕ್ಕಿದ್ರು, ಫೆಬ್ರವರಿ 11ಕ್ಕೆ ಡೆಲ್ಲಿ ಆಸ್ಪತ್ರೇಲಿ ತೀರ್ಕೊಂಡ್ರು. ಆವತ್ತು ಹಾಸನ, ಮೈಸೂರು ಕಡೆ ಹುಡುಗರೂ ಹೋದ್ರು. ಉಸಿರಾಡೋಕೆ ಗಾಳಿ ಇರೋ ಜಾಗ ಸಿಕ್ಕಿದ್ರಿಂದ ಅಷ್ಟು ದಿನ ಉಳಿದಿದ್ದು. ಮಿಕ್ಕ ಒಂಬತ್ತು ಜನಕ್ಕೆ ಅದು ಸಿಗ್ಲಿಲ್ಲ. ನಮಗೂ ಹಂಗೇ ಆಗುತ್ತೆ ಅಂತ ಲೆಕ್ಕ ಹಾಕೋ ವಿಷ್ಯ ಅಲ್ಲ ಅದು.

ಹಿಮಕುಸಿತ ಇಲ್ಲದ ರೂಟ್ ಆದ್ರೆ ಬಿರುಗಾಳಿಗೆ ಭಯ ಪಡ್ಬೇಕಾಗಿಲ್ಲ ತಾನೆ?

2024ರ ಜೂನಲ್ಲಿ ಉತ್ತರಕಾಶಿಯ ಸಹಸ್ತ್ರತಾಲ್ ಕಡೆ ಹೋಗಿದ್ದ 22 ಜನರ ಗುಂಪಿಗೆ ಹಿಮಗಾಳಿ ಹೊಡೀತು, ಬಹುತೇಕರು ಕರ್ನಾಟಕದೋರು, 9 ಜನ ವಾಪಸ್ ಬರ್ಲಿಲ್ಲ. ಹಿಮ ಮುಚ್ಚಿದ್ದಲ್ಲ, ಚಳಿ ಗಾಳಿ ಮತ್ತೆ ದಾರಿ ಕಾಣದೇ ಇದ್ದಿದ್ದು. ಅದೂ ಜೂನಲ್ಲಿ. ಒದ್ದೆ ಬಟ್ಟೆ, ಗಾಳಿ, ಸುಸ್ತು ಮೂರು ಸೇರಿದ್ರೆ ಮೈ ಬಿಸಿ ಇಳಿದು ಮೊದಲು ಬುದ್ಧಿ ಮಂಕಾಗುತ್ತೆ. ಯಾರಾದ್ರೂ ಮಾತು ತೊದಲ್ತಿದಾರೆ, ಎಡವ್ತಿದಾರೆ, ನಡುಗ್ತಿದ್ದೋರು ನಡುಗೋದು ನಿಲ್ಲಿಸಿದ್ರು ಅಂದ್ರೆ ಅಲ್ಲೇ ಗಾಳಿ ಮರೇಲಿ ಕೂರಿಸಿ, ಒದ್ದೆ ಬಟ್ಟೆ ತೆಗೆದು ಒಣಗಿದ್ದು ಹಾಕಿ, ಸ್ಲೀಪಿಂಗ್ ಬ್ಯಾಗಲ್ಲಿ ಸುತ್ತಿ. ಒಣಗಿದ ಒಂದು ಜೊತೆ ಬಟ್ಟೆ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಡೇ ಬ್ಯಾಗಲ್ಲೇ ಇರ್ಬೇಕು, ಹೇಸರಗತ್ತೆ ಮೇಲೆ ಕಳಿಸೋ ದೊಡ್ಡ ಬ್ಯಾಗಲ್ಲಲ್ಲ. ಪಾಂಚೋ ಗಾಳಿಗೆ ಹರಿಯುತ್ತೆ, ಒಳ್ಳೆ ರೈನ್ ಜಾಕೆಟ್ ತಗೊಳ್ಳಿ.

ಅಪ್ಪ ಅಮ್ಮ ಮೇ ತಿಂಗಳಲ್ಲಿ ಕೇದಾರನಾಥಕ್ಕೆ ಹೊರಟಿದಾರೆ, ಅವರಿಗೂ ಇದೆಲ್ಲ ಇದ್ಯಾ?

ಬಾಗಿಲು ತೆಗೆದ ಹೊಸದರಲ್ಲಿ ದಾರಿನ ಹಿಮ ಕಡಿದು ಮಾಡಿರ್ತಾರೆ, ಎರಡು ಕಡೆ ಹಿಮದ ಗೋಡೆ. ಭೈರವ, ಕುಬೇರ ಅನ್ನೋ ಕೊರಕಲುಗಳ ಹತ್ರ ಹಿಮ ಜಾರಿ ದಾರಿ ಮುಚ್ಚೋದು ಹೊಸದೇನಲ್ಲ. ಪೊಲೀಸರು, ರಾಜ್ಯ ವಿಪತ್ತು ಪಡೆ ಎಸ್‌ಡಿಆರ್‌ಎಫ್‌ನವರು ನಿಲ್ಲಿಸಿದ್ರೆ ನಿಲ್ಲೋದು, ಬಿಟ್ಟಾಗ ಬೇಗ ದಾಟೋದು, ಅಲ್ಲಿ ಸೆಲ್ಫಿಗೆ ನಿಲ್ಲೋದು ಬೇಡ. ವಯಸ್ಸಾದೋರಿಗೆ ಮೊದಲನೇ ವಾರದ ನೂಕುನುಗ್ಗಲು, ಹಿಮ ಎರಡೂ ಬೇಡ, ಸ್ವಲ್ಪ ದಿನ ಬಿಟ್ಟು ಕಳಿಸಿ.

ಹಿಮಕುಸಿತದ ಮುನ್ಸೂಚನೆ ಎಲ್ಲಿ ಸಿಗುತ್ತೆ?

ಚಂಡೀಗಢದಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಡಿಜಿಆರ್‌ಇ ಅನ್ನೋ ಲ್ಯಾಬ್ ಇದೆ, ಮುಂಚೆ ಸಾಸೆ ಅಂತಿದ್ರಲ್ಲ ಅದೇ 2020ರಲ್ಲಿ ಇನ್ನೊಂದು ಲ್ಯಾಬ್ ಜೊತೆ ಸೇರಿ ಹಿಂಗಾಯ್ತು. ಅವರು ಜಿಲ್ಲೆವಾರು, ಎತ್ತರದ ಲೆಕ್ಕದಲ್ಲಿ ಎಚ್ಚರಿಕೆ ಕೊಡ್ತಾರೆ. ಪ್ರಪಂಚದಲ್ಲಿ ಬಳಸೋ ಅಳತೆ 1ರಿಂದ 5. ಮೂರು ಅಂದ್ರೆ ಮಧ್ಯದ್ದು, ಪಾಸ್ ಮಾರ್ಕ್ಸು ಅಂತ ಹೊರಡ್ಬೇಡಿ, ಬೇರೆ ದೇಶಗಳಲ್ಲಿ ಹೆಚ್ಚು ಜನ ಸತ್ತಿರೋದು ಆ ಮೂರರ ದಿನಗಳಲ್ಲೇ. ಜೊತೆಗೆ ಹವಾಮಾನ ಇಲಾಖೆ ಡೆಹ್ರಾಡೂನ್, ಶಿಮ್ಲಾ ಕೇಂದ್ರದವರ ಅಲರ್ಟ್ ನೋಡಿ, ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನೋ ಪದ ಕಂಡ್ರೆ ದಿನಾಂಕ ಬರೆದಿಟ್ಕೊಳ್ಳಿ.

ಸ್ಯಾಟಲೈಟ್ ಫೋನ್ ತಗೊಂಡು ಹೋದ್ರೆ?

ಪರ್ಮಿಷನ್ ಇಲ್ಲದೆ ತಗೊಂಡು ಹೋದ್ರೆ ಅರೆಸ್ಟ್ ಆಗ್ತೀರ. ತುರಾಯಾ, ಇರಿಡಿಯಂ ಫೋನು, ಗಾರ್ಮಿನ್ ಇನ್‌ರೀಚ್ ಥರದ ಸ್ಯಾಟಲೈಟ್ ಮೆಸೇಜ್ ಸಾಧನ ಯಾವುದೂ ಹಂಗೇ ಇಟ್ಕೊಳ್ಳೋಹಂಗಿಲ್ಲ. ವಿದೇಶದಲ್ಲಿರೋ ಅಣ್ಣ ಗಿಫ್ಟ್ ಕೊಟ್ಟ ಅಂದ್ರೂ ಏರ್‌ಪೋರ್ಟಲ್ಲಿ ಕೇಳಲ್ಲ. ಗೈಡ್ ಹತ್ರ ವಾಕಿಟಾಕಿ ಇದ್ಯಾ, ಎಲ್ಲೆಲ್ಲಿ ಸಿಗ್ನಲ್ ಸಿಗುತ್ತೆ ಅಂತ ಕೇಳ್ಕೊಳ್ಳಿ, ಸಿಗ್ನಲ್ ಇರೋ ಕಡೆ 112.

ಹೊರಡೋ ಮುಂಚೆ ಇಲ್ಲೇ ಪ್ರಾಕ್ಟೀಸ್ ಎಲ್ಲಿ ಮಾಡ್ಬಹುದು?

ಕಾಲಿಗೆ ಮಧುಗಿರಿ, ದೇವರಾಯನದುರ್ಗ, ಅಂತರಗಂಗೆ ಸಾಕು, ಬೆನ್ನಿಗೆ ಎಂಟು ಹತ್ತು ಕೆಜಿ ಹಾಕ್ಕೊಂಡು ಹತ್ತಿ ಇಳೀರಿ. ಆದ್ರೆ ಏಪ್ರಿಲ್, ಮೇ ಸಂಜೆ ನಮ್ಮ ಕಡೆನೂ ಗುಡುಗು ಮಳೆ ಬರುತ್ತೆ, ಬೋಳು ಬಂಡೆ ಮೇಲೆ ಸಿಡಿಲಿಗೆ ಎದ್ದು ಕಾಣೋದು ನೀವೊಬ್ಬರೇ. ಗುಡುಗು ಕೇಳಿಸ್ತು ಅಂದ್ರೆ ಇಳೀರಿ, ಒಂಟಿ ಮರ, ಕಬ್ಬಿಣದ ಕಂಬಿ ಹತ್ರ ನಿಲ್ಬೇಡಿ, ಒದ್ದೆ ಬಂಡೆ ಕಾಲಿಗೆ ನಿಲ್ಲಲ್ಲ ಅದೂ ಬೇರೆ. ಹಿಮದ ಮೇಲೆ ನಡೆಯೋದು, ಐಸ್ ಆಕ್ಸ್ ಹಿಡಿದು ಜಾರೋದನ್ನ ನಿಲ್ಲಿಸೋದು ಇಲ್ಲಿ ಕಲಿಯೋಕಾಗಲ್ಲ, ಸೀರಿಯಸ್ ಆಗಿದ್ರೆ ಉತ್ತರಕಾಶಿ, ಮನಾಲಿ, ಡಾರ್ಜಿಲಿಂಗ್‌ನ ಸಂಸ್ಥೆಗಳಲ್ಲಿ ಸುಮಾರು ಒಂದು ತಿಂಗಳ ಬೇಸಿಕ್ ಕೋರ್ಸ್ ಇದೆ, ಸೀಟು ಬಹಳ ಮುಂಚೇನೇ ತುಂಬುತ್ತೆ.

ಮನೇಲಿ ಏನ್ ಹೇಳಿ ಹೋಗ್ಬೇಕು?

ಒಂದು ಹಾಳೇಲಿ ಬರೆದುಕೊಡಿ, ವಾಟ್ಸಾಪಲ್ಲಿ ಬೇಡ, ಕಳೆದುಹೋಗುತ್ತೆ. ಟ್ರೆಕ್ ಹೆಸರು, ಯಾವ ದಿನ ಯಾವ ಕ್ಯಾಂಪು, ಬೇಸ್ ಊರು ಯಾವ್ದು, ಆ ಜಿಲ್ಲೆ ಯಾವ್ದು, ಕಂಪನಿ ನಂಬರ್, ಜೊತೇಲಿರೋರ ಮನೆ ನಂಬರ್, ನಿಮ್ಮ ರಕ್ತದ ಗುಂಪು. ಕೆಳಗೆ ಎರಡು ದಿನಾಂಕ: ಎಲ್ಲಾ ಸರಿ ಇದ್ರೆ ಫೋನ್ ಮಾಡೋ ದಿನ, ಮತ್ತೆ ಹವಾಮಾನ ಕೆಟ್ಟು ಅಲ್ಲೇ ಕೂತಿದ್ರೆ ಫೋನ್ ಮಾಡೋ ದಿನ. ಮೊದಲನೇದು ದಾಟಿದ್ರೆ ಅಮ್ಮ ದೇವರಿಗೆ ಹರಕೆ ಕಟ್ಕೊಳ್ಳೋದು ಬೇಡ, ಎರಡನೇದು ದಾಟಿದ್ರೆ ಮಾತ್ರ ಕಂಪನಿಗೆ, ಆ ಜಿಲ್ಲೆ ವಿಪತ್ತು ಕಂಟ್ರೋಲ್ ರೂಮಿಗೆ ಫೋನ್ ಮಾಡ್ಲಿ ಅಂತ ಕೂರಿಸಿ ಹೇಳಿ ಹೋಗಿ.